ಉಂಬಳದ ಕಥೆ ಹಿಡ್ಕೊಂಡು ಡೋಣಿ ಸಾಲಿನ ಶಾಲೆಗೆ ಹೋಗಿದ್ದು

ಮಕ್ಕಳಿಗೆ ಕಥೆ ಬರೆಯೋಕೆ ಶುರು ಮಾಡಿ ಹತ್ತು ಹನ್ನೆರಡು ವರ್ಷ ಆಯ್ತು, ಶಾಲೆಗಳಿಗೆ ಹೋಗಿ ಕಥೆ ಹೇಳ್ತಿರೋದು ಈಗೊಂದು ಐದಾರು ವರ್ಷದಿಂದ. ಮೊದಮೊದಲು ಯಾರು ಕರೆದ್ರೂ ಹೋಗ್ಬಿಡ್ತಿದ್ದೆ. ಬೆಂಗಳೂರಲ್ಲಿ ಒಂದು ದೊಡ್ಡ ಶಾಲೆಯವರು ಮಕ್ಕಳ ದಿನಾಚರಣೆಗೆ ಕರೆದಿದ್ರು, ಹೋಗಿ ನೋಡಿದ್ರೆ ಮುನ್ನೂರು ಮಕ್ಕಳನ್ನ ಆಡಿಟೋರಿಯಂನಲ್ಲಿ ಕೂರಿಸಿದಾರೆ, ಪ್ರಾರ್ಥನೆ, ಸ್ವಾಗತ, ದೀಪ ಹಚ್ಚೋದು, ಪ್ರಾಸ್ತಾವಿಕ ನುಡಿ, ಅದೆಲ್ಲ ಮುಗಿದು ನನ್ನ ಕೈಗೆ ಮೈಕ್ ಬರೋ ಹೊತ್ತಿಗೆ ಉಳಿದಿದ್ದು ಹನ್ನೆರಡೇ ನಿಮಿಷ. ಹಿಂದಿನ ಸಾಲಿನ ಮಕ್ಕಳು ಅಷ್ಟರಲ್ಲಿ ಒಬ್ಬರ ಶೂ ಲೇಸು ಇನ್ನೊಬ್ಬರ ಶೂಗೆ ಕಟ್ಟೋ ಆಟ ಶುರು ಹಚ್ಕೊಂಡಿದ್ರು. ಶಾಲು, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟು ಕಳಿಸಿದ್ರು, ಮರ್ಯಾದೆಗೇನೂ ಕಮ್ಮಿ ಮಾಡ್ಲಿಲ್ಲ. ಆಮೇಲಿಂದ ಫೋನಲ್ಲೇ ಹೇಳ್ಬಿಡ್ತೀನಿ, ಕ್ಲಾಸ್ ರೂಮಲ್ಲೇ ಆಗ್ಬೇಕು, ನಲವತ್ತು ಮಕ್ಕಳ ಮೇಲೆ ಬೇಡ, ಮೈಕ್ ಬೇಡ, ನಾನೂ ಮಕ್ಕಳ ಜೊತೆ ಕೆಳಗೇ ಕೂರ್ತೀನಿ ಅಂತ.

ಇಷ್ಟೆಲ್ಲ ಹುಷಾರಾಗಿದ್ದೂ ನಾನು ಚೆನ್ನಾಗಿ ಎಡವಿದ್ದು ವಿಜಯಪುರ ಜಿಲ್ಲೆಯ ಡೋಣಿ ಸಾಲಿನ, ಅಂದ್ರೆ ಡೋಣಿ ನದಿ ಬಯಲಿನ, ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಲಿ. ಅಲ್ಲಿ ಟೀಚರ್ ಆಗಿರೋ ಒಬ್ಬರು ಒಂದು ಶಿಬಿರದಲ್ಲಿ ಪರಿಚಯ ಆಗಿದ್ರು, "ಅಕ್ಕಾ, ನಮ್ಮ ಹುಡುಗರು ಪುಸ್ತಕ ಬರದವರ್ನ ಕಣ್ಣಾರೆ ನೋಡಿಲ್ರಿ, ಒಮ್ಮೆ ಬರ್ರಿ" ಅಂತ ಎರಡು ವರ್ಷ ಬೆನ್ನು ಬಿದ್ದಿದ್ರು. ಸಂಕ್ರಾಂತಿ ಮುಗಿಸಿ ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿದೆ.

ನಮ್ಮದು ತೀರ್ಥಹಳ್ಳಿ ಕಡೆ. ನನ್ನ ಪುಸ್ತಕಗಳಲ್ಲಿ ಮಕ್ಕಳು ತುಂಬ ಇಷ್ಟಪಡೋದು ಒಂದು ಉಂಬಳದ ಕಥೆ, ಉಂಬಳ ಅಂದ್ರೆ ಮಲೆನಾಡಲ್ಲಿ ಕಾಲಿಗೆ ಹತ್ತಿ ರಕ್ತ ಹೀರೋ ಜಿಗಣೆ, ಮಳೆಗಾಲದಲ್ಲಿ ಒಬ್ಬಳು ಹುಡುಗಿ ಕಾಲಿಗೆ ಹತ್ಕೊಂಡು ಅದು ಶಾಲೆಗೆ ಬಂದುಬಿಡುತ್ತೆ, ಆಮೇಲೆ ಆಗೋ ರಾದ್ಧಾಂತ. ನಮ್ಮ ಕಡೆ ಶಾಲೆಗಳಲ್ಲಿ ಇದು ಎಲ್ಲೂ ಕೈ ಕೊಟ್ಟಿದ್ದಿಲ್ಲ. ಚಿತ್ರಗಳನ್ನ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಸುರುಳಿ ಸುತ್ತಿ ತಗೊಂಡು ಹೋಗಿದ್ದೆ, ಸಾಕ್ಸಲ್ಲಿ ಮಾಡಿದ ಬೊಂಬೆ ಒಂದು ಬೇರೆ. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಆ ಕರಿ ಎರೆಭೂಮಿ, ಕಣ್ಣು ಹಾಯಿಸಿದಷ್ಟೂ ಬಿಳಿಜೋಳ, ಒಂದು ಮರ ಕಾಣ್ಬೇಕಾದ್ರೆ ಹುಡುಕಬೇಕು, ಅದನ್ನೆಲ್ಲ ನೋಡ್ತಾನೇ ಬಂದೆ, ಫೋಟೋನೂ ತೆಗೆದೆ. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ, ಇಲ್ಲಿ 600ರ ಆಸುಪಾಸು, ಅದೂ ಗೊತ್ತಿತ್ತು. ಆದ್ರೂ ಉಂಬಳದ ಕಥೆ ಇಲ್ಲಿ ನಡೆಯುತ್ತಾ ಅಂತ ಒಂದು ಸಲನೂ ತಲೆಗೆ ಹೋಗ್ಲಿಲ್ಲ ನೋಡಿ.

ಅದು ನಲಿ-ಕಲಿ ಕೋಣೆ. ಗೊತ್ತಿಲ್ದೋರಿಗೆ ಹೇಳ್ತೀನಿ, 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿದ್ದು ಇದು, ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂತು ಗುಂಪು ಮಾಡ್ಕೊಂಡು ಕಲೀತಾರೆ, ಗೋಡೆ ಕೆಳಗೆ ಮಕ್ಕಳ ಕೈಗೆ ಎಟುಕೋ ಹಾಗೆ ಕರಿಹಲಗೆ, ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ ಎಲ್ಲ ನೇತು ಹಾಕಿರೋ ಚಪ್ಪರ. ಕಥೆ ಹೇಳೋರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ನಾಲ್ಕು ಐದನೇ ಕ್ಲಾಸಿನವರೂ ಬಂದು ಸೇರ್ಕೊಂಡು ಒಟ್ಟು ಮೂವತ್ತಾರು ಮಕ್ಕಳು. ಅರ್ಧದಷ್ಟು ಪಕ್ಕದ ತಾಂಡಾದವರು, ಮನೇಲಿ ಲಂಬಾಣಿ ಮಾತು. ಜನವರಿ ಅಂದ್ರೆ ಕಬ್ಬು ಕಡಿಯೋ ಕಾಲ, ತುಂಬ ಜನದ ಅಪ್ಪ ಅಮ್ಮ ಮಹಾರಾಷ್ಟ್ರಕ್ಕೆ ಹೋಗಿರ್ತಾರೆ, ಮಕ್ಕಳು ಅಜ್ಜ ಅಜ್ಜಿ ಹತ್ರ ಅಂತ ಟೀಚರ್ ಮೊದಲೇ ಹೇಳಿದ್ರು.

ಪುಸ್ತಕ ತೆಗೆದು ಓದೋಕೆ ಶುರು ಮಾಡಿದೆ. ಮಕ್ಕಳು ಕೈ ಕಟ್ಕೊಂಡು ಕೂತಿದಾರೆ, ಅಲ್ಲಾಡಲ್ಲ. ಮಕ್ಕಳು ಅಷ್ಟು ಸುಮ್ಮನೆ ಕೂತಿದಾರೆ ಅಂದ್ರೆ ಕಥೆ ಹೋಗಿ ತಲುಪ್ತಿಲ್ಲ ಅಂತಾನೇ ಅರ್ಥ, ಇದು ನಾನು ನಾಲ್ಕಾರು ಸಲ ಸೋತು ಕಲ್ತಿದ್ದು. ಮೂರನೇ ಪುಟಕ್ಕೆ ಬಂದು "ಗೊತ್ತಾಯ್ತಾ?" ಅಂದೆ, "ಹೌದ್ರೀ ಟೀಚರ್" ಅಂತ ಮೂವತ್ತಾರು ಗಂಟಲೂ ಒಟ್ಟಿಗೆ. "ಉಂಬಳ ಯಾರ್ಯಾರು ನೋಡಿದೀರಾ?" ಅಂದ್ರೆ ಒಬ್ಬ ಹುಡುಗ ಮಾತ್ರ ಎದ್ದು ನಿಂತ. "ನಮ್ಮ ಮುತ್ಯಾಂದು ಉಂಬಳಿ ಐತ್ರಿ, ಹಳ್ಳದ ಕಡಿ, ಮೂರು ಎಕರೆ."

ನಂಗೆ ಒಂದು ಕ್ಷಣ ಏನೂ ಹೊಳೀಲಿಲ್ಲ. ಪಾಪ, ಅವನು ಹೇಳಿದ್ದು ಇನಾಮಿನ ಉಂಬಳಿ ಹೊಲ! ಅಂದ್ರೆ ಅವನ ತಲೇಲಿ ಅಲ್ಲಿವರೆಗೂ ಒಬ್ಬಳು ಹುಡುಗಿ ಕಾಲಿಗೆ ಮೂರು ಎಕರೆ ಹೊಲ ಅಂಟ್ಕೊಂಡು ಶಾಲೆಗೆ ಹೋಗ್ತಿದೆ. ನನ್ನ ಕಥೆಗಿಂತ ಅದೇ ಚೆನ್ನಾಗಿತ್ತು, ನಿಜ ಹೇಳ್ಬೇಕಂದ್ರೆ.

ಟೀಚರ್ ಮೆಲ್ಲಗೆ ಬಂದು ಕಿವೀಲಿ "ಅಕ್ಕಾ, ಆ ಪುಸ್ತಕ ತಗದು ಇಡ್ರಿ, ಬಾಯ್ಲೇ ಹೇಳ್ರಿ" ಅಂದ್ರು. ಪುಸ್ತಕ ಮುಚ್ಚಿದೆ. ಬರೆದೋರಿಗೆ ಇದು ಸುಲಭ ಅಲ್ಲ ಕಣ್ರೀ, ಒಂದೊಂದು ವಾಕ್ಯ ಹತ್ತು ಸಲ ತಿದ್ದಿ ಬರೆದಿರ್ತೀವಿ. ಆಮೇಲೆ ನನ್ನ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಕತ್ತರಿಸಿ ನೆಲದ ಮೇಲಿಟ್ಟೆ. ಮುಂದಿನ ತುದಿ ಊರಿ, ನಡು ಬಿಲ್ಲಿನ ಹಾಗೆ ಎತ್ತಿ, ಹಿಂದಿನ ತುದಿ ಎಳ್ಕೊಂಡು, ಮತ್ತೆ ಮುಂದಿನ ತುದಿ ಚಾಚಿ, ಹೀಗೆ ಉಂಬಳ ನಡೆಯೋದನ್ನ ತೋರಿಸ್ತಾ ಒಬ್ಬ ಹುಡುಗನ ಹೆಬ್ಬೆರಳ ತನಕ ತಂದೆ. ಅವನು ಕಾಲು ಎಳ್ಕೊಂಡ. ಅಲ್ಲಿಂದ ಶುರುವಾಯ್ತು ಅಸಲಿ ಕಥೆ.

ಒಂದು ಕಂಡೀಷನ್ ಹಾಕಿದೆ, ನೀವು ಹೂಂ ಅಂದ್ರೇನೇ ನಾನು ಮುಂದೆ ಹೇಳೋದು, ಹೂಂ ನಿಂತ್ರೆ ಕಥೇನೂ ನಿಲ್ಲುತ್ತೆ. ಇದು ನಮ್ಮಜ್ಜಿದು, ರಾತ್ರಿ ಕಥೆ ಹೇಳ್ವಾಗ ನಾವು ನಿದ್ದೆ ಹೋದ್ವಾ ಇಲ್ವಾ ಅಂತ ಅವಳಿಗೆ ಗೊತ್ತಾಗ್ತಿದ್ದಿದ್ದೇ ಹೂಂನಿಂದ. ಕ್ಲಾಸಲ್ಲಿ ಇದು ಥರ್ಮಾಮೀಟರ್ ಇದ್ದಂಗೆ, ಹೂಂ ಸಣ್ಣ ಆಯ್ತು ಅಂದ್ರೆ ಕಥೆ ಜಗ್ಗಾಡ್ತಿದೆ, ತಕ್ಷಣ ಏನಾದ್ರೂ ಮಾಡ್ಬೇಕು.

ಉಂಬಳ ಕಚ್ಚಿದ್ದು ಗೊತ್ತೇ ಆಗಲ್ಲ, ಬಿದ್ದು ಹೋದ ಮೇಲೂ ರಕ್ತ ಬೇಗ ನಿಲ್ಲಲ್ಲ, ನಮ್ಮ ಕಡೆ ಉಪ್ಪು ಇಲ್ಲಾಂದ್ರೆ ಹೊಗೆಸೊಪ್ಪಿನ ನೀರು ಹಾಕಿ ಬಿಡಿಸ್ತಾರೆ ಅಂತೆಲ್ಲ ಹೇಳಿದೆ. ಅವರು ಸುಮ್ಮನಿರ್ತಾರಾ, ಚೇಳಿನ ಕಥೆ ತೆಗೆದ್ರು. ಕಲ್ಲು ಎತ್ತಿದ್ರೆ ಚೇಳು, ಚಪ್ಪಲಿ ಒಳಗೆ ಚೇಳು, ಯಾರದ್ದೋ ಕಾಕಾಗೆ ಕಡಿದು ರಾತ್ರಿಯೆಲ್ಲ ಒದ್ದಾಡಿದ್ದು, ಒಬ್ಬೊಬ್ಬರದೂ ಒಂದೊಂದು. ಹಂಗಾದ್ರೆ ಈ ಉಂಬಳ ನಿಮ್ಮೂರಿಗೆ ಬಂದ್ರೆ ಏನಾಗುತ್ತೆ ಅಂತ ಕೇಳಿದೆ. "ಬಿಸಲಿಗೆ ಸತ್ತ ಹೋಗ್ತೈತ್ರಿ" ಅಂದ ಒಬ್ಬ, ಕಥೆ ಮುಗೀತು ಅನ್ನೋ ಹಂಗೆ. ಇನ್ನೊಬ್ಬಳು ಬಿಡ್ಲಿಲ್ಲ, ಹರವಿ ಬುಡದಾಗ ತಂಪು ಇರ್ತೈತಿ, ಅಲ್ಲಿ ಇಡೋಣು ಅಂದ್ಲು. ಹರವಿ ಅಂದ್ರೆ ಆ ಕಡೆ ನೀರಿನ ಮಡಕೆ. ಸರಿ, ಉಂಬಳ ಹರವಿ ಕೆಳಗೆ ಹೋಯ್ತು, ಅಲ್ಲಿ ಮೊದಲೇ ಒಂದು ಚೇಳು ಬಾಡಿಗೆಗಿತ್ತು.

ಆಮೇಲೆ ಬಂತು ದೊಡ್ಡ ಪ್ರಶ್ನೆ, ಅಷ್ಟು ದೂರದಿಂದ ಅದು ಬಂದಿದ್ದು ಹೆಂಗೆ? ಬಸ್ಸಲ್ಲಿ. ಟಿಕೆಟ್? ಮೂಲೇಲಿ ಕೂತಿದ್ದ, ಅಲ್ಲಿವರೆಗೂ ಬಾಯೇ ಬಿಡದಿದ್ದ ತಾಂಡಾದ ಹುಡುಗಿ, "ಹೆಣ್ಣ ಉಂಬಳ ಇದ್ರ ಫ್ರೀ ಐತಲ್ರೀ" ಅಂದ್ಲು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ತಾನೇ! ಇಡೀ ಕ್ಲಾಸು ಹೋ ಅಂತು. ನಾನು ಸುಮ್ಮನಿರದೆ, ಉಂಬಳದಲ್ಲಿ ಗಂಡು ಬೇರೆ ಹೆಣ್ಣು ಬೇರೆ ಅಂತ ಇರಲ್ಲ, ಒಂದೇ ಉಂಬಳದೊಳಗೆ ಎರಡೂ ಇರುತ್ತೆ ಅಂದೆ. ಇದು ನಿಜಾನೇ, ಕಥೆಗೆ ಸೇರಿಸಿದ್ದಲ್ಲ. ದೊಡ್ಡ ಚರ್ಚೆ ಆಯ್ತು. ನಾಲ್ಕನೇ ಕ್ಲಾಸಿನವನೊಬ್ಬ ಎದ್ದು ತೀರ್ಪು ಕೊಟ್ಟ, "ಹಂಗಾರ ಅರ್ಧಾ ಟಿಕೆಟ್ ಹರೀಬೇಕ್ರಿ."

ಆ ಹುಡುಗಿ ಆಮೇಲೆ ನಿಲ್ಲಿಸ್ಲೇ ಇಲ್ಲ. ಉಂಬಳ ರಾತ್ರಿ ಹರವಿ ಕೆಳಗೆ "ಯಾಡಿ, ಯಾಡಿ" ಅಂತ ಅಳುತ್ತೆ ಅಂದ್ಲು. ಯಾಡಿ ಅಂದ್ರೆ ಅವರ ಮಾತಲ್ಲಿ ಅವ್ವ. ಅವಳ ಅವ್ವ ಎಲ್ಲಿದಾರೆ ಅಂತ ನಾನು ಕೇಳ್ಲಿಲ್ಲ, ಕಥೆ ಹೇಳೋಕೆ ಹೋದೋರು ಅಂಥದ್ದನ್ನೆಲ್ಲ ಕೆದಕಬಾರ್ದು ಅನ್ನೋದು ನನ್ನ ಅಭಿಪ್ರಾಯ. "ಅಳೋದು ಕೇಳಿ ಚೇಳು ಏನು ಮಾಡ್ತು?" ಅಂದೆ. ಕೊಂಡಿ ಮಡಚಿಟ್ಟು ಪಕ್ಕದಲ್ಲಿ ಮಲಗ್ತಂತೆ. ಹೂಂ ಅಂದ್ವಿ ಎಲ್ಲರೂ.

ನಲವತ್ತು ನಿಮಿಷ ಅಂದ್ಕೊಂಡಿದ್ದು ಒಂದೂಮುಕ್ಕಾಲು ಗಂಟೆ ಆಯ್ತು, ಬಿಸಿಯೂಟದ ಬೆಲ್ ಹೊಡೆದಿದ್ದಕ್ಕೆ ನಿಂತಿದ್ದು. ಸಾಕ್ಸ್ ಬೊಂಬೆ ಚೀಲದಿಂದ ಆಚೆ ಬರಲೇ ಇಲ್ಲ. ಮುಗಿಸೋ ಮುಂಚೆ ಹೆಡ್ ಮಾಸ್ತರು ಒಳಗೆ ಬಂದು, ಒಳ್ಳೆ ಮನುಷ್ಯ, "ಹಾಂ, ಈ ಕಥೆಯಿಂದ ಏನು ಕಲಿತ್ರಿ?" ಅಂದ್ರು. ಮಕ್ಕಳೆಲ್ಲ ತಕ್ಷಣ ಕೈ ಕಟ್ಕೊಂಡು ಒಂದೇ ದನಿಲಿ "ಸುಳ್ಳು ಹೇಳಬಾರದ್ರಿ!" ಕಥೇಲಿ ಸುಳ್ಳಿನ ಸುದ್ದಿಯೇ ಇರ್ಲಿಲ್ಲ. ಮಾಸ್ತರರೂ ನಕ್ಕುಬಿಟ್ರು.

ಊಟ ಮಕ್ಕಳ ಜೊತೇನೇ, ಅನ್ನ ಸಾರು. ಸಂಜೆ ಟೀಚರ್ ಅವರ ಹೊಲದಲ್ಲಿ ಎಳೆ ಜೋಳದ ತೆನೆ ಕೆಂಡದಲ್ಲಿ ಸುಟ್ಟು ಬಡಿದು ಸೀತನಿ ಕೊಟ್ರು, ಬೆಲ್ಲ ಜೊತೆಗೆ. ಅದರ ಬಗ್ಗೆ ಬೇರೇನೇ ಬರೀಬೇಕು. ಈಗ ಯಾವ ಊರಿಗೆ ಹೋದ್ರೂ ಮೊದಲ ಕಾಲು ಗಂಟೆ ಪುಸ್ತಕ ತೆಗೆಯಲ್ಲ, ನಿಮ್ಮೂರಲ್ಲಿ ಏನು ಕಚ್ಚುತ್ತೆ ಅಂತ ಕೇಳ್ತೀನಿ. ಎಲ್ಲ ಊರಲ್ಲೂ ಏನೋ ಒಂದು ಕಚ್ಚುತ್ತೆ.

ಹೊರಡೋವಾಗ ಆ ಉಂಬಳಿ ಹೊಲದ ಹುಡುಗ ಗೇಟಿನ ತನಕ ಬಂದು, "ಟೀಚರ್ರಿ, ಮುಂದಿನ ಸಲ ಬರೂಮುಂದ ಬಾಟ್ಲ್ಯಾಗ ಹಾಕ್ಕೊಂಡು ಒಂದು ಉಂಬಳ ತರ್ರಿ" ಅಂದ. ಊರಿಗೆ ಬಂದು ಅಮ್ಮಂಗೆ ಹೇಳಿದೆ. "ಒಂದ್ಯಾಕೆ, ಮಳೆ ಹಿಡೀಲಿ, ಒಂದು ಚೀಲ ತುಂಬಿ ಕಳ್ಸಣ, ಮೂರು ಎಕರೆ ಇದೆ ಅಂದ್ಯಲ್ಲ, ಬಿಟ್ಕಳ್ಳಿ" ಅಂದ್ರು.