ಸ್ಲೈಡಿಗೂ ಮೊದಲು ನೀರು ನೋಡಿ: ಲ್ಯಾಬ್‌ನಲ್ಲಿ ಪಾಚಿ ಪರೀಕ್ಷೆ ಹೀಗೆ

ಪಾಚಿಯ ಸ್ಲೈಡ್ ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಆ ಹನಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ಕಾಣುವುದು ಬರೀ ಹಸಿರು ದಾರ. ಹಾಗಾಗಿ ಲ್ಯಾಬ್ ಕೆಲಸ ಶುರುವಾಗಬೇಕಾದ್ದು ಕೊಳದ ದಡದಲ್ಲಿ.

ಮುಚ್ಚಳವಿರುವ ಮೂರು ಸಣ್ಣ ಬಾಟಲಿ ಒಯ್ಯಿರಿ. ಒಂದೇ ಕೊಳದ ಮೂರು ಕಡೆಯ ನೀರು ಹಿಡಿಯಿರಿ: ಬಿಸಿಲು ಬೀಳುವ ಕಡೆ, ನೆರಳಿನ ಕಡೆ, ಹೊರಗಿನ ನೀರು ಬಂದು ಸೇರುವ ಕಡೆ. ಬಾಟಲಿ ಮುಕ್ಕಾಲು ತುಂಬಿದರೆ ಸಾಕು, ಮೇಲೆ ಗಾಳಿ ಇರಲಿ. ಕಲ್ಲಿಗೆ ಅಂಟಿದ ಕಂದು ಲೋಳೆಯನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ಅದೇ ಜಾಗದ ಬಾಟಲಿಗೆ ಹಾಕಿ. ಡಯಾಟಮ್‌ಗಳು, ಅಂದರೆ ಒಂದೇ ಕೋಶದ ಸೂಕ್ಷ್ಮ ಪಾಚಿಗಳು, ಸಿಗುವುದು ಹೆಚ್ಚಾಗಿ ಅದರಲ್ಲೇ. ಜಾಗ, ಸಮಯ, ನೀರಿನ ಬಣ್ಣ, ಉಷ್ಣಾಂಶ ಎಲ್ಲವನ್ನೂ ನಿಂತಲ್ಲೇ ಬರೆದುಕೊಳ್ಳಿ. ನೀರಿನ ಮೇಲೆ ಪೇಂಟ್ ಚೆಲ್ಲಿದ ಹಾಗೆ ಹಸಿರು ಕೆನೆ ಕಟ್ಟಿದ್ದರೆ ಮುಟ್ಟಲು ಹೋಗಬೇಡಿ. ಕೆಲವು ನೀಲಿಹಸಿರು ಪಾಚಿಗಳು ವಿಷ ಬಿಡುತ್ತವೆ.

ಲ್ಯಾಬ್‌ಗೆ ಬಂದ ಮೇಲೆ ಎಲ್ಲರೂ ಮಾಡುವ ತಪ್ಪು ಒಂದೇ, ಪಾಚಿಯ ಮುದ್ದೆಯನ್ನೇ ಸ್ಲೈಡಿಗೆ ಇಡುವುದು. ಎರಡು ಮೂರು ಎಳೆ ಸಾಕು. ಒಂದು ಹನಿ ನೀರಲ್ಲಿ ಸೂಜಿಯಿಂದ ಬಿಡಿಸಿ, ಮೇಲೆ ಮುಚ್ಚುವ ತೆಳು ಗಾಜಿನ (ಕವರ್‌ಸ್ಲಿಪ್‌) ಒಂದು ಅಂಚು ಊರಿ ನಿಧಾನವಾಗಿ ಇಳಿಸಿ. ಇಲ್ಲದಿದ್ದರೆ ಗಾಳಿಗುಳ್ಳೆ ಸೇರಿ, ಅದರ ದಪ್ಪ ಕಪ್ಪು ಅಂಚನ್ನೇ ಜೀವಿ ಅಂದುಕೊಳ್ಳುತ್ತೀರಿ. ಮೈಕ್ರೋಸ್ಕೋಪ್‌ನಲ್ಲಿ ಮೊದಲು 4x ಲೆನ್ಸ್, ಆಮೇಲೆ 10x, ಕೊನೆಗೆ 40x. 40xನಲ್ಲಿ ಫೋಕಸ್ ಮಾಡಲು ಸಣ್ಣ ತಿರುಪು ಮಾತ್ರ ತಿರುಗಿಸಿ.

ಈಗ ಆತುರ ಬೇಡ, ನೋಡಿ. ಕೈಗೆ ಲೋಳೆಲೋಳೆಯಾಗಿ ಜಾರಿದ ಎಳೆ ಸ್ಪೈರೋಗೈರಾ ಇರಬಹುದು. ಉದ್ದ ಕೋಶದೊಳಗೆ ಹಸಿರು ಪಟ್ಟಿ ಸ್ಪ್ರಿಂಗ್‌ನಂತೆ ಸುತ್ತಿಕೊಂಡಿರುತ್ತದೆ. ಕವರ್‌ಸ್ಲಿಪ್‌ನ ಒಂದು ಬದಿಗೆ ಅಯೋಡಿನ್ ಹನಿ ಬಿಟ್ಟು, ಇನ್ನೊಂದು ಬದಿಯಿಂದ ಫಿಲ್ಟರ್ ಪೇಪರ್‌ನಲ್ಲಿ ಎಳೆದರೆ ಆ ಪಟ್ಟಿಯುದ್ದಕ್ಕೂ ಕಪ್ಪುನೀಲಿ ಚುಕ್ಕೆಗಳು ಮೂಡುತ್ತವೆ. ಅದು ಪಾಚಿ ಬಿಸಿಲಿನಿಂದ ಮಾಡಿಟ್ಟುಕೊಂಡ ಪಿಷ್ಟ! ಸುಮ್ನೆ ಓಲಾಡುತ್ತಾ ಜಾರುವ ತೆಳ್ಳನೆ ನೀಲಿಹಸಿರು ಎಳೆ ಕಂಡರೆ ಅದು ಆಸಿಲೇಟೋರಿಯಾ ಇರಬಹುದು. ಪಾಚಿ ಅಂತ ಕರೆದರೂ ಅದು ನಿಜದಲ್ಲಿ ಬ್ಯಾಕ್ಟೀರಿಯಾ. ದೋಣಿಯಾಕಾರದ ಹೊಂಬಣ್ಣದ ಡಯಾಟಮ್‌ಗೆ ಗಾಜಿನಂಥ ಸಿಲಿಕಾ ಚಿಪ್ಪು.

ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬಿಡಿಸಿ. ಫೋಟೋ ತೆಗೆದರೂ ಬಿಡಿಸಿ, ಕಣ್ಣು ನಿಲ್ಲುವುದು ಆಗಲೇ.

ಇನ್ನು ಎಣಿಕೆ. ಪ್ರತಿ ಬಾಟಲಿಯ ಸ್ಲೈಡನ್ನೂ 10xನಲ್ಲಿಟ್ಟು ಹತ್ತು ಕಡೆ ಸರಿಸಿ, ಯಾವ ಬಗೆ ಎಷ್ಟಿದೆ ಬರೆಯಿರಿ. ಹೊರಗಿನ ನೀರು ಸೇರುವ ಕಡೆ ಬಗೆಗಳು ಕಡಿಮೆಯಾಗಿ, ಒಂದೇ ಬಗೆ ವಿಪರೀತ ಜಾಸ್ತಿ ಇದೆಯಾ? ಆ ನೀರಲ್ಲಿ ಸಾರಜನಕ, ರಂಜಕ ಬರುತ್ತಿರಬಹುದು ಅಂತ ಅನುಮಾನಿಸಿ. ಗೊಬ್ಬರ ಸಿಕ್ಕಂತೆ ಪಾಚಿ ಉಕ್ಕುತ್ತದೆ, ಸತ್ತಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ತಿನ್ನುತ್ತದೆ, ಮೀನು ಉಸಿರುಗಟ್ಟುತ್ತವೆ. ಒಂದು ದಿನದ ಎಣಿಕೆ ಇದನ್ನು ಸಾಬೀತು ಮಾಡುವುದಿಲ್ಲ. ಎರಡು ವಾರ ಬಿಟ್ಟು ಅದೇ ಮೂರು ಜಾಗಕ್ಕೆ, ಅದೇ ಹೊತ್ತಿಗೆ ಮತ್ತೆ ಹೋಗಿ.

ಬಾಟಲಿಯಲ್ಲಿ ಉಳಿದ ನೀರನ್ನು ತಂದ ಕೊಳಕ್ಕೇ ಸುರಿಯಿರಿ, ಬೇರೆ ಕೊಳಕ್ಕೆ ಬೇಡ. ಕೈಗೆ ಸೋಪು ಹಾಕಿ ತೊಳೆಯಿರಿ.