ಹೇಜಲ್‌ನಟ್ ತಂದುಕೊಟ್ಟಿದ್ದಾರಾ? ಮೊದಲು ಹುರಿಯಿರಿ

ಹೊರದೇಶದಿಂದ ಬರುವ ನೆಂಟರು ಚಾಕೊಲೇಟ್ ಜೊತೆ ಒಂದು ಪೊಟ್ಟಣ ಹೇಜಲ್‌ನಟ್ಟೂ ತರುತ್ತಾರೆ. ಅದು ಡಬ್ಬಿಯಲ್ಲಿ ಕೂತು, ನಮ್ಮ ತೀರ್ಥಹಳ್ಳಿ ಮಳೆಗೆ ಮೆತ್ತಗಾಗಿ, ಕೊನೆಗೆ ಹಿತ್ತಲಿಗೆ ಹೋಗುತ್ತದೆ. ನಾನೊಮ್ಮೆ ಗೋಡಂಬಿ ಬದಲು ಹಸಿಯಾಗಿಯೇ ಪಾಯಸಕ್ಕೆ ಹಾಕಿದ್ದೆ. "ಇದೆಂಥದೇ ಮಾರಾಯ್ತಿ, ಹಲಸಿನ ಬೀಜ ಬೇಯಲೇ ಇಲ್ವಾ?" ಅಂದರು ಅತ್ತೆ.

ಹುರಿಯದೆ ಹಾಕಿದ್ದೇ ತಪ್ಪು. ಇದರ ಘಮ ಹೊರಬರುವುದೇ ಹುರಿದ ಮೇಲೆ. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಕೈಬಿಡದೆ ಆಡಿಸಿ. ಓವನ್ ಇದ್ದರೆ 175 ಡಿಗ್ರಿಯಲ್ಲಿ 10 ನಿಮಿಷ ಸಾಕು. ಸಿಪ್ಪೆ ಬಿರಿಯುತ್ತದೆ. ಒಂದನ್ನು ಒಡೆದು ನೋಡಿ: ಒಳಗೆ ತೆಳು ಜೇನಿನ ಬಣ್ಣ ಬಂದಿರಬೇಕು. ಕಂದಾದರೆ ಕಹಿ. ಬಿಸಿಯಿರುವಾಗಲೇ ಹಳೇ ಪಂಚೆ ತುಂಡಿನಲ್ಲಿ ಗಂಟು ಕಟ್ಟಿ, ಐದು ನಿಮಿಷ ಬಿಟ್ಟು ಚೆನ್ನಾಗಿ ಉಜ್ಜಿ. ಆಮೇಲೆ ಮೊರದಲ್ಲಿ ಕೇರಿ, ಶೇಂಗಾ ಕೇರಿದ ಹಾಗೆ. ಅಲ್ಲಲ್ಲಿ ಸಿಪ್ಪೆ ಉಳಿದರೆ ಉಳಿಯಲಿ ಬಿಡಿ.

ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಇದರ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ಎಣ್ಣೆಯೇ. ಒಂದೇ ಸಮನೆ ತಿರುಗಿಸಿದರೆ ಪುಡಿ ಹೋಗಿ ಬೆಣ್ಣೆಯಾಗುತ್ತದೆ.

ಖಾರದ ಅಡುಗೆಗೆ ನನ್ನ ಆಯ್ಕೆ ಬದನೆಕಾಯಿ ಎಣ್ಣೆಗಾಯಿ. ಎಂಟು ಎಳೆ ಬದನೆಗೆ ಅರ್ಧ ಕಪ್ ತರಿ ಪುಡಿ, ಹುರಿದ ನಾಲ್ಕು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಸ್ವಲ್ಪ ಹುಣಸೆ, ಬೆಲ್ಲ, ಉಪ್ಪು. ತೆಂಗಿನಕಾಯಿ ಎರಡೇ ಚಮಚ, ಜಾಸ್ತಿಯಾದರೆ ಘಮ ಅದರಡಿ ಮುಚ್ಚಿಹೋಗುತ್ತದೆ. ಉಳಿದಂತೆ ಎಂದಿನ ಹಾಗೆ ತುಂಬಿ, ಮುಚ್ಚಿ ಬೇಯಿಸಿ. ಅಕ್ಕಿರೊಟ್ಟಿಗೆ ಜೋಡಿ. ತಂಬುಳಿಗೆ ಮಾತ್ರ ಬೇಡ, ನಾನು ಮಾಡಿ ಚೆಲ್ಲಿದ್ದೇನೆ.

ಸಿಹಿಗೆ ಬರ್ಫಿ ಸುಲಭ. ಮುಕ್ಕಾಲು ಕಪ್ ಬೆಲ್ಲಕ್ಕೆ ಕಾಲು ಕಪ್ ನೀರು ಹಾಕಿ ಕರಗಿಸಿ, ಸೋಸಿ, ಪಾಕಕ್ಕಿಡಿ. ಹನಿ ನೀರಿಗೆ ಬಿಟ್ಟರೆ ಮೆತ್ತನೆ ಉಂಡೆ ಕಟ್ಟಬೇಕು. ಆಗ ಒಂದು ಕಪ್ ಪುಡಿ, ಒಂದು ಚಮಚ ತುಪ್ಪ ಹಾಕಿ ಮಗುಚಿ, ತಳ ಬಿಡುತ್ತಿದ್ದಂತೆ ತಟ್ಟೆಗೆ ಸುರಿಯಿರಿ. ಏಲಕ್ಕಿ ಒಂದೇ ಸಾಕು. ಮಕ್ಕಳಿದ್ದರೆ ಎರಡು ಚಮಚ ಕೋಕೋ ಪುಡಿಯನ್ನೂ ಸೇರಿಸಿ. ಇಟಲಿಯ ಪೀಡ್‌ಮಾಂಟ್ ಸೀಮೆಯವರು ಇದೇ ಜೋಡಿಯಿಂದ ಜಂಡೂಯಾ ಎಂಬ ಚಾಕೊಲೇಟ್ ಮಾಡಿದರು. 1964ರಲ್ಲಿ ಬಂದ, ಬ್ರೆಡ್ಡಿಗೆ ಸವರುವ ನುಟೆಲ್ಲಾ ಕೂಡ ಆ ಸೀಮೆಯದೇ. ನಮ್ಮ ಕಡೆ ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವವರಿದ್ದಾರಲ್ವಾ, ಅವರ ಮನೆಯಲ್ಲಿ ಇದು ಅರ್ಧದಷ್ಟು ನಮ್ಮೂರಿನದೇ ತಿಂಡಿ.

ಶೇಂಗಾ, ಗೋಡಂಬಿ ಆಗದವರಿಗೆ ಇದೂ ಆಗದಿರಬಹುದು, ಕೇಳಿಯೇ ಬಡಿಸಿ. ಉಳಿದದ್ದನ್ನು ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಆಷಾಢದ ಮಳೆಯಲ್ಲಿ ಹೊರಗಿಟ್ಟರೆ ವಾರದೊಳಗೆ ಮೆತ್ತಗಾಗುತ್ತದೆ.