ಅಚ್ಚಿನ ಕಾಗದ ಮೊದಲು, ಚಿತ್ರ ಆಮೇಲೆ

ಕಾಗದದ ತುಂಡು ಅಂಟಿಸಿ ಚಿತ್ರ ಕಟ್ಟುವ ಕೊಲಾಜ್ ಮಾಡಲು ಕೂತವರು ಸಾಮಾನ್ಯವಾಗಿ ಹಳೆಯ ವಾರಪತ್ರಿಕೆಗಳನ್ನು ಹುಡುಕುತ್ತಾರೆ. ಅದರಲ್ಲಿರುವ ಬಣ್ಣ, ಅಕ್ಷರ, ಮುಖ ಎಲ್ಲವೂ ಬೇರೆಯವರದ್ದು. ಕಾಗದಕ್ಕೆ ನೀವೇ ಅಚ್ಚು ಹಾಕಿಕೊಂಡರೆ, ಕತ್ತರಿ ಹಿಡಿಯುವ ಮೊದಲೇ ಅರ್ಧ ಚಿತ್ರ ನಿಮ್ಮದಾಗಿರುತ್ತದೆ. ರೋಲರ್, ಅಕ್ರಿಲಿಕ್ ಬಣ್ಣ ಅಂಗಡಿಯಿಂದ ತನ್ನಿ. ಉಳಿದ ಬಹಳಷ್ಟು ಸಾಮಾನು ಕಲಬುರಗಿಯ ಮನೆಗಳಲ್ಲೇ ಬಿದ್ದಿರುತ್ತದೆ.

ಮೊದಲು ಮೂವತ್ತು ನಲವತ್ತು ತೆಳು ಹಾಳೆ ಕೂಡಿಸಿಕೊಳ್ಳಿ. ಝೆರಾಕ್ಸ್ ಹಾಳೆ, ಪತಂಗದ (ಗಾಳಿಪಟದ) ಕಾಗದ, ಖಾಕಿ ಕಾಗದ, ಹಳೆಯ ಲೆಕ್ಕದ ಪುಸ್ತಕದ ಪುಟ ಎಲ್ಲವೂ ನಡೆಯುತ್ತವೆ. ದಪ್ಪ ಡ್ರಾಯಿಂಗ್ ಶೀಟ್ ಬೇಡ, ಅಂಟಿಸಿದ ಮೇಲೆ ಅದರ ಅಂಚು ಎದ್ದು ನಿಲ್ಲುತ್ತದೆ. ದಿನಪತ್ರಿಕೆಯ ಕಾಗದ ಬಿಸಿಲಿಗೆ ಹಳದಿಯಾಗುವುದರಿಂದ, ಉಳಿಯಬೇಕಾದ ಚಿತ್ರಕ್ಕೆ ಅದನ್ನು ಬಳಸಬೇಡಿ.

ಅಚ್ಚಿನ ಹಲಗೆ

ಮೆತ್ತನೆಯ ಜೆಲಟಿನ್ ಹಲಗೆಯ ಮೇಲೆ ಬಣ್ಣ ಹಚ್ಚಿ ಕಾಗದ ಒತ್ತುವುದು ಈಗ ಎಲ್ಲೆಡೆ ಇರುವ ಪದ್ಧತಿ. ಒಂದು ಲೋಟ ಗ್ಲಿಸರಿನ್, ಒಂದು ಲೋಟ ನೀರು, ನಾಲ್ಕು ದೊಡ್ಡ ಚಮಚ ಜೆಲಟಿನ್ ಪುಡಿ ಬೇಕು. ಪುಡಿಯನ್ನು ಗಂಟಾಗದಂತೆ ಗ್ಲಿಸರಿನ್‌ನಲ್ಲಿ ಕಲಸಿ, ನೀರು ಬೆರೆಸಿ, ಕುದಿಸದೆ ಸಣ್ಣ ಉರಿಯಲ್ಲಿ ಕರಗಿಸಿ. ಸಮತಟ್ಟಾದ ತಟ್ಟೆಗೆ ಸುರಿದು, ಮೇಲಿನ ಗುಳ್ಳೆಗಳನ್ನು ಕಾಗದದ ಪಟ್ಟಿಯಿಂದ ಎಳೆದು ತೆಗೆಯಿರಿ. ಕೆಲವು ತಾಸಿನಲ್ಲಿ ಗಟ್ಟಿಯಾಗುತ್ತದೆ.

ಆದರೆ ನಮ್ಮ ಬೇಸಿಗೆಯನ್ನು ಇದು ತಡೆಯುವುದಿಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಕೋಣೆಯಲ್ಲಿ ಹಲಗೆ ಬಿಟ್ಟು ಊಟಕ್ಕೆ ಇಳಿದೆ. ತಿರುಗಿ ಬಂದಾಗ ಅದು ತಟ್ಟೆ ತುಂಬ ಪಾಕದಂತೆ ಹರಡಿತ್ತು. ಅದನ್ನು ಮತ್ತೆ ಕರಗಿಸಿ ಹುಯ್ಯಬಹುದು, ನಷ್ಟವಿಲ್ಲ. ಆದರೂ ಬೇಸಿಗೆಯಲ್ಲಿ ಬೆಳಗಿನ ಏಳರೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ಬಣ್ಣವೂ ಆಗ ಅಷ್ಟು ಬೇಗ ಒಣಗುವುದಿಲ್ಲ.

ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ತಯಾರಾಗುವುದು. ಅಡುಗೆಮನೆಗೆ ತರಲು ಮನಸ್ಸೊಪ್ಪದವರು ಚೈನಾ ಗ್ರಾಸ್ ಬಳಸಲಿ. ಸಮುದ್ರದ ಪಾಚಿಯಿಂದ ಬರುವ ಇದು ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ, ನಮ್ಮ ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ. ಬೇಗ ಬಿರಿಯುತ್ತದೆ, ಆದ್ದರಿಂದ ರೋಲರ್ ಹಗುರಾಗಿ ಆಡಿಸಬೇಕು. ಎರಡೂ ಬೇಡವೆಂದರೆ ಒಂದು ಗಾಜಿನ ತುಂಡು ಸಾಕು.

ಬಣ್ಣ ಎತ್ತುವುದು

ಕಡಲೆಕಾಳಿನಷ್ಟು ಬಣ್ಣದ ನಾಲ್ಕು ಹನಿ ಹಾಕಿ ರೋಲರ್ ಆಡಿಸಿ. ಬಣ್ಣ ಹೆಚ್ಚಾಗಿದ್ದರೆ ರೋಲರ್ ಪಚಪಚ ಎನ್ನುತ್ತದೆ. ತೆಳುವಾಗುತ್ತ ಬಂದಂತೆ ಆ ಸದ್ದು ಸಣ್ಣದಾಗಿ, ಕೊನೆಗೆ ಟೇಪ್ ಬಿಚ್ಚಿದಂತೆ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಅದರ ಮೇಲೆ ಬೇವಿನ ಎಲೆ, ಗೋಣಿಚೀಲದ ತುಂಡು, ಒಣಗಿದ ಹೀರೇಕಾಯಿಯ ನಾರು, ಯಾವುದಾದರೂ ಒಂದನ್ನು ಇಟ್ಟು ಹಾಳೆ ಹಾಕಿ ಅಂಗೈಯಿಂದ ಒತ್ತಿ ಎತ್ತಿ. ಆಮೇಲೆ ಎಲೆ ತೆಗೆದು ತಕ್ಷಣ ಇನ್ನೊಂದು ಹಾಳೆ ಒತ್ತಿ. ಎಲೆಯಡಿ ಉಳಿದ ಬಣ್ಣದಲ್ಲಿ ನರನರವೂ ಮೂಡಿರುತ್ತದೆ. ಈ ಎರಡನೆಯ ಹಾಳೆಯೇ ನನಗೆ ಹೆಚ್ಚು ಇಷ್ಟ.

ಅಡ್ಡ ಕೊಯ್ದ ಬೆಂಡೆಕಾಯಿ, ಹಗ್ಗ ಸುತ್ತಿದ ರಟ್ಟು, ಬಾಚಣಿಗೆಯ ಗೀರು ಎಲ್ಲವನ್ನೂ ಮಾಡಿ ನೋಡಿ.

ನೆಲದ ಅಚ್ಚು

ಹಲಗೆಯಿಲ್ಲದೆಯೂ ಅಚ್ಚು ತೆಗೆಯಬಹುದು. 1925ರಲ್ಲಿ ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ಸಮುದ್ರತೀರದ ವಸತಿಗೃಹವೊಂದರ ಮರದ ನೆಲದ ಮೇಲೆ ಕಾಗದ ಹಾಸಿ ಸೀಸದಿಂದ ಉಜ್ಜಿ ಚಿತ್ರ ತೆಗೆದಿದ್ದ. ನಮ್ಮಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿ ಇದೆ. ಪಾಲಿಶ್ ಮಾಡದ ಒರಟು ಕಲ್ಲಿನ ಮೇಲೆ ತೆಳು ಹಾಳೆ ಹಾಸಿ, ಮೇಣದ ಕ್ರೆಯಾನನ್ನು ಅಡ್ಡ ಹಿಡಿದು ಉಜ್ಜಿ. ಪದರಪದರವಾದ ಕಲ್ಲಿನ ಮೈ ಮೇಲೇಳುತ್ತದೆ. ಅದರ ಮೇಲೆ ನೀರುಬಣ್ಣ ಸವರಿದರೆ ಮೇಣವಿದ್ದಲ್ಲಿ ಬಣ್ಣ ಹಿಡಿಯದೆ ಕಲ್ಲಿನ ಗೆರೆ ಕ್ರೆಯಾನಿನ ಬಣ್ಣದಲ್ಲೇ ಉಳಿಯುತ್ತದೆ. ನಾನು ಅಂಗಳದಲ್ಲಿ ಮೊದಲ ಸಲ ಉಜ್ಜುತ್ತಿದ್ದಾಗ ಅವ್ವ, “ನೆಲಕ್ಕ ಕಾಗದ ಹಾಕಿ ಏನ್ ತಿಕ್ಲಕತ್ತಿ?” ಎಂದು ಕೇಳಿದಳು. ಹಾಳೆ ತೋರಿಸಿದ ಮೇಲೆ ಬೀಸುವ ಕಲ್ಲನ್ನು ತಾನೇ ತಂದಿಟ್ಟಳು.

ಒಂದು ಮಾತು: ಕೋಟೆಯ ಗೋಡೆಗೋ, ಹಫ್ತ್ ಗುಂಬಜ್‌ಗೋ, ಬೀದರಿನ ಮಹಮೂದ್ ಗವಾನ್ ಮದರಸಾಕ್ಕೋ ಹೋಗಿ ಕಾಗದ ಒತ್ತಬೇಡಿ. ಉಜ್ಜಿದಷ್ಟೂ ಆ ಕೆತ್ತನೆ, ಹೆಂಚಿನ ಬಣ್ಣ ಸವೆಯುತ್ತವೆ. ಫೋಟೊ ತೆಗೆದುಕೊಂಡು ಬಂದು, ಆ ವಿನ್ಯಾಸವನ್ನು ರಬ್ಬರಿನಲ್ಲಿ ಕೊರೆದು ಅಚ್ಚು ಮಾಡಿಕೊಳ್ಳಿ.

ಗದ್ದಲದ ಹಾಳೆ, ಸುಮ್ಮನಿರುವ ಹಾಳೆ

ಒಣಗಿದ ಹಾಳೆಗಳನ್ನು ಎರಡು ರಾಶಿ ಮಾಡಿ. ಮೈತುಂಬ ವಿನ್ಯಾಸವಿದ್ದದ್ದು ಒಂದು ಕಡೆ, ಹೆಚ್ಚುಕಡಿಮೆ ಒಂದೇ ಬಣ್ಣದ್ದು ಇನ್ನೊಂದು ಕಡೆ. ಹೊಸಬರ ಮೊದಲ ರಾಶಿ ಯಾವಾಗಲೂ ದೊಡ್ಡದು, ಅವರ ಕೊಲಾಜ್ ಕೆಡುವುದೂ ಇಲ್ಲಿಯೇ. ಬಿದರಿ ಹೂಜಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಸತು, ತಾಮ್ರದ ಲೋಹಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಲೋಹವಷ್ಟೇ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ಇಲ್ಲದಿದ್ದರೆ ಬೆಳ್ಳಿಯ ಬಳ್ಳಿ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಗದ್ದಲದ ಹಾಳೆಗೆ ಮೂರು ಸುಮ್ಮನಿರುವ ಹಾಳೆ ಎಂಬ ಲೆಕ್ಕ ಇಟ್ಟುಕೊಳ್ಳಿ. ಸಾಲದಿದ್ದರೆ ಗದ್ದಲದ ಹಾಳೆಯ ಮೇಲೆ ತೆಳು ಬಿಳಿ ಬಣ್ಣ ಉರುಳಿಸಿ ಅದರ ಬಾಯಿ ಮುಚ್ಚಿಸಿ.

ಅಂಟಿಸುವುದು

ಏನು ಚಿತ್ರ ಎಂದು ಮೊದಲೇ ಗೆರೆ ಹಾಕಿಕೊಳ್ಳಬೇಡಿ. ತುಂಡುಗಳನ್ನು ರಟ್ಟಿನ ಮೇಲೆ ಅಂಟಿಲ್ಲದೆ ಜರುಗಿಸುತ್ತಿರಿ. ಕಲ್ಲಿನ ಅಚ್ಚಿನ ಪಟ್ಟಿಯೊಂದು ತಾನಾಗಿ ತೊಗರಿ ಹೊಲದ ಸಾಲಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಆಮೇಲೆ ಅಂಟಿಸಿ. ಕತ್ತರಿಸಿದ ಅಂಚು ಚೂಪಾಗಿ ಕಾಣುತ್ತದೆ. ಕೈಯಿಂದ ಹರಿದರೆ ಒಂದು ತುಂಡಿಗೆ ಬಿಳಿ ಅಂಚು ಉಳಿಯುತ್ತದೆ, ಬೆಳಕಿನ ಗೆರೆ ಬೇಕಾದಲ್ಲಿ ಅದನ್ನು ಇಡಿ.

ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಪತಂಗದ ಕಾಗದ ಒದ್ದೆಯಾದರೆ ಹರಿಯುತ್ತದೆ, ಅದಕ್ಕೆ ಅಂಟನ್ನು ರಟ್ಟಿಗೆ ಹಚ್ಚಿ ಕಾಗದವನ್ನು ಮೇಲೆ ಬಿಡಿ. ನಡುವಿನಿಂದ ಅಂಚಿಗೆ ಸವರಿ ಗಾಳಿ ಹೊರಡಿಸಿ. ರಟ್ಟು ಬಾಗದಿರಲು ಹಿಂಬದಿಗೂ ಒಂದು ಕೈ ಅದೇ ಅಂಟು ಹಚ್ಚಿ. ಹಸಿ ಆರಿದ ಮೇಲೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮೇಲೊಂದು ಪರ್ಸಿ ಕಲ್ಲು ಹೇರಿ ರಾತ್ರಿಯಿಡೀ ಬಿಡಿ.